ಚಿನ್ನ ಹೊಸೆದ ಬತ್ತಿ

ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮೇಲೆ ನಮ್ಮ ಅಂಗಳಕ್ಕೆ ಕೋಳಿಗಳನ್ನು ಬಿಟ್ಟರೆ ಯಾರೂ ಬರಲಿಲ್ಲ. ಒಳಗೆ ನಾನು ಮತ್ತು ನನ್ನ ಮಗಳು ಚಿನ್ನ. ಎಂಟು ವರ್ಷದ ಹುಡುಗಿಗೆ ಮೈತುಂಬ ಸಿಡುಬು. ರೆಪ್ಪೆಗಳ ಮೇಲೂ ಎದ್ದು ಎರಡು ಕಣ್ಣೂ ಅಂಟಿಕೊಂಡಿದ್ದವು. ಅವಳ ಅಪ್ಪ ಜಗಲಿಯಲ್ಲೇ ಮಲಗುತ್ತಿದ್ದರು. ಅವರು ಗಾಡಿ ಹೊಡೆಯುವ ಚೆಟ್ಟಳ್ಳಿ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಜೋರಾಗಿತ್ತು. ಆದರೆ ಇಂಥ ಮನೆಯವನು ಕೂಲಿಗಳ ಲೈನಿನ ಕಡೆ ಗಾಡಿ ಹೊಡೆದುಕೊಂಡು ಬರಕೂಡದೆಂದು ಲೆಕ್ಕ ಬರೆಯುವ ರೈಟರು ಹೇಳಿ ಕಳಿಸಿದ್ದರು.

ಹಿರಿಯರು ಹೇಳಿದ್ದನ್ನೆಲ್ಲ ನಡೆಸಿದೆ. ಒಗ್ಗರಣೆ ಹಾಕಲಿಲ್ಲ, ತಲೆ ಬಾಚಲಿಲ್ಲ, ಸೂಜಿ ಮುಟ್ಟಲಿಲ್ಲ. ಅಮ್ಮ ಇರುವ ಮನೆಗೆ ಬೆಳಕು ಆಗದೆಂದು ಕಿಟಕಿಗೆ ಗೋಣಿ ಕಟ್ಟಿದೆ.

ಜ್ವರ ಇಳಿದು ಗುಳ್ಳೆ ಒಣಗತೊಡಗಿದಾಗ ಇನ್ನೊಂದು ಕಷ್ಟ ಶುರುವಾಯಿತು. ಕೈ ಸುಮ್ಮನಿದ್ದರೆ ಚಿನ್ನ ಮೈ ಕೆರೆದುಕೊಳ್ಳುತ್ತಿದ್ದಳು. ಕೈಗೆ ಕೆಲಸ ಬೇಕಿತ್ತು, ಅದೂ ಕಣ್ಣು ಬೇಡದ ಕೆಲಸ.

ಮೊದಲು ಅವರೆಕಾಳು. ಪಕ್ಕದ ಮನೆಯ ಸಿದ್ದಮ್ಮತ್ತೆ ದಿನಾ ಬೇಲಿಯ ಬಳಿ ಏನಾದರೂ ಇಟ್ಟು ದೂರ ನಿಂತು ಕೂಗುತ್ತಿದ್ದರು.

"ವನಜಾ, ಅವರೆಕಾಯಿ ಇಟ್ಟಿದ್ದೀನಿ ತಗೊಳ್ಳೇ. ಒಗ್ಗರಣೆ ಇಲ್ಲದ ಸಾರು ನಿನ್ನ ಗಂಡ ಉಣ್ತಾನೇನೇ?"

"ಉಣ್ಣದೆ ಎಲ್ಲಿಗೆ ಹೋಗ್ತಾರತ್ತೆ? ಹೆಂಡದಂಗಡಿಯವನೂ ಹತ್ರ ಸೇರಿಸ್ತಿಲ್ಲ."

ಅವರು ನಕ್ಕು, ಆಮೇಲೆ ದನಿ ತಗ್ಗಿಸಿ ಕೇಳುತ್ತಿದ್ದರು. "ಕಣ್ಣು ಬಿಟ್ಟಳಾ?"

"ಇನ್ನೂ ಇಲ್ಲ."

"ಹಕ್ಕಳೆ ಉದುರಲಿ. ನನಗೂ ಹಂಗೇ ಅಂಟಿತ್ತು."

ಸಿದ್ದಮ್ಮತ್ತೆಯ ಮುಖದ ತುಂಬ ಸಿಡುಬಿನ ಕಲೆ. ಕಣ್ಣು ಮಾತ್ರ ಚೆನ್ನಾಗಿವೆ. ಆ ಕಣ್ಣುಗಳನ್ನು ನೋಡಿಕೊಂಡೇ ನಾನು ಒಳಗೆ ಬರುತ್ತಿದ್ದೆ.

ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿಸುಕಿದರೆ ಬೇಳೆ ಚಿಮ್ಮುತ್ತದೆ. ಚಿನ್ನ ನನ್ನ ದನಿ ಬಂದ ಕಡೆಗೇ ಗುರಿಯಿಟ್ಟು ಹಿಸುಕುತ್ತಿದ್ದಳು.

"ಮೂಗಿಗೆ ಬಿತ್ತಾ?"

"ಬಾಯಿಗೆ ಬಿತ್ತು ಕಣೇ, ನುಂಗಿಬಿಟ್ಟೆ."

"ಸುಳ್ಳು! ನೆಲಕ್ಕೆ ಬಿದ್ದ ಸದ್ದು ಕೇಳಿಸ್ತು."

ಒಂದು ದಿನ ರಸ್ತೆಯಲ್ಲಿ ಓಟಿನ ಜೀಪು ಕೂಗಿಕೊಂಡು ಹೋಯಿತು. ಕೊಡಗಿಗೆ ಅದೇ ಮೊದಲ ಓಟು.

"ಜೀಪು ಯಾವ ಬಣ್ಣ ಅವ್ವಾ?"

ಬಾಗಿಲ ಸಂದಿಯಲ್ಲಿ ನೋಡಿದೆ. "ಹಸಿರು. ಧೂಳು ಹತ್ತಿ ಕೆಂಪಾಗೈತೆ."

"ಮುಂದಿನ ಸಲ ನಾನೇ ನೋಡ್ತೀನಿ."

ಅವರೆ ಮುಗಿದ ಮೇಲೆ ಹಳೆಯ ದಿಂಬು ಬಿಚ್ಚಿ ಅರಳೆ ಕೊಟ್ಟೆ. ಬೂದಿ ಸೋಕಿಸಿ ಅಂಗೈಯಲ್ಲಿ ಬತ್ತಿ ಹೊಸೆಯುವುದನ್ನು ಅವಳ ಕೈ ಹಿಡಿದು ಕಲಿಸಿದೆ. ಮೊದಮೊದಲು ಗಂಟುಗಂಟಾದವು. ಆಮೇಲೆ ನನ್ನವಕ್ಕಿಂತ ನಯವಾದವು. ಗುಳ್ಳೆ ಒಣಗಿದವರಿಗೆ ದಿನ ಬಿಟ್ಟು ಮೂರು ಸಲ ತಲೆಗೆ ಬೇವಿನ ನೀರು ಹಾಕುತ್ತಾರೆ. ಮೂರನೆಯ ನೀರು ಹಾಕಿದ ಮೇಲೆ ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿ ಒಯ್ಯುವ ಪದ್ಧತಿ. ಅಕ್ಕಿಹಿಟ್ಟು, ಬೆಲ್ಲ ಕಲಸಿ ದೀಪ ಮಾಡಿ, ಮನೆಯಲ್ಲೇ ಹಚ್ಚಿಕೊಂಡು ಹೋಗಬೇಕು. ಚಿನ್ನ ಆಗಲೇ ಹಟ ಹಿಡಿದಳು.

"ಬತ್ತಿ ನಂದು. ದೀಪಾನೂ ನಾನೇ ಮಾಡ್ತೀನಿ. ನೀನು ಮುಟ್ಟಬಾರ್ದು."

"ನಾನೇನು ಮಾಡ್ಲಿ ಮತ್ತೆ?"

"ಹಚ್ಚು."

ಎರಡನೆಯ ನೀರು ಹಾಕಿದ ದಿನ ರೆಪ್ಪೆ ಬಿಟ್ಟವು. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಬಗ್ಗಿ ನೋಡಿದೆ. ಕಪ್ಪು ಇರಬೇಕಾದಲ್ಲಿ ಗಂಜಿತಿಳಿಯಂಥ ಪೊರೆ ಇದ್ದಂತಿತ್ತು. ಮಬ್ಬಿನಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ ಎಂದುಕೊಂಡೆ.

"ಎಷ್ಟು ಕತ್ತಲೆ ಅವ್ವಾ!"

"ಗೋಣಿ ಕಟ್ಟಿದ್ದೀನಲ್ಲ ಮಗಳೇ."

ಜಗಲಿಗೆ ಊಟ ಇಡಲು ಹೋದಾಗ ಅವಳ ಅಪ್ಪ ತಟ್ಟೆ ನೋಡುತ್ತಲೇ ಕೇಳಿದರು. "ಕಾಣ್ತದಂತಾ?"

"ಗೋಣಿ ತೆಗೆದ ಮೇಲೆ ಗೊತ್ತಾಗ್ತದೆ."

"ತೆಗಿ ಮತ್ತೆ."

"ಮೂರನೇ ನೀರು ಆಗಲಿ."

ಅವರು ಒತ್ತಾಯ ಮಾಡಲಿಲ್ಲ. ಆ ಗೋಣಿ ಇರುವವರೆಗೆ ನಮ್ಮಿಬ್ಬರಿಗೂ ಒಂದು ಆಸರೆ ಇತ್ತು.

ಮೂರನೆಯ ನೀರಿಗೆ ಬೇವು, ಅರಿಸಿನ ಹಾಕಿ ಕಾಯಿಸಿ ತಲೆಗೆ ಎರೆದೆ. ಒಗೆದ ಲಂಗ ಉಡಿಸಿದೆ. ಚಿನ್ನ ತಂಬಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಉರುಳಿಸಿ, ನಡುವೆ ಹೆಬ್ಬೆರಳಿಂದ ಗುಳಿ ಮಾಡಿ, ತಾನೇ ಹೊಸೆದ ಬತ್ತಿಯನ್ನು ಇಟ್ಟಳು. ಅವಳು ಅದರಲ್ಲಿ ಮುಳುಗಿದ್ದಾಗ ನಾನು ಸದ್ದಾಗದಂತೆ ಗೋಣಿ ಬಿಚ್ಚಿದೆ. ಬೆಳಗಿನ ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ಅವಳು ರೆಪ್ಪೆ ಮಿಟುಕಿಸಲಿಲ್ಲ.

ತುಪ್ಪ ಹಾಕಿ ಬತ್ತಿ ಹಚ್ಚಿದೆ. ಜ್ವಾಲೆ ನೇರವಾಗಿ ನಿಂತಿತು. ಒಂದು ಗಂಟೂ ಇರಲಿಲ್ಲ ಆ ಬತ್ತಿಯಲ್ಲಿ.

"ಹಚ್ಚಿದ್ಯಾ ಅವ್ವಾ?"

ನಾನು ದೀಪವನ್ನು ಅವಳ ಮುಂದಕ್ಕೆ ಸರಿಸಿದೆ. ಅವಳು ಗಾಳಿಯಲ್ಲಿ ಕೈ ಆಡಿಸಿ, ಬಿಸಿ ತಗುಲಿದ ಕಡೆ ನಿಲ್ಲಿಸಿ ನಕ್ಕಳು.

"ಹತ್ತೈತೆ! ಹೇಳಬಾರ್ದಾ? ಗೋಣಿ ತೆಗಿ ಅವ್ವಾ, ನಾನು ಮಾಡಿದ ದೀಪ ನೋಡ್ಬೇಕು."

ಗೋಣಿ ನನ್ನ ಕಾಲ ಬಳಿ ಬಿದ್ದಿತ್ತು. ಅವಳ ಅಪ್ಪ ಬಾಗಿಲಿಗೆ ಬಂದು ನಿಂತವರು ಬಿಸಿಲನ್ನು ನೋಡಿದರು, ಮಗಳ ಮುಖ ನೋಡಿದರು, ಹಾಗೇ ಹೊಸ್ತಿಲ ಹೊರಗೆ ಕುಳಿತುಬಿಟ್ಟರು.

ಬೇಲಿಯ ಆಚೆಯಿಂದ ಸಿದ್ದಮ್ಮತ್ತೆ ಕೂಗಿದರು. "ಹೊರಟ್ರೇನೇ? ಬತ್ತಿ ಉರಿದು ಹೋಗ್ತದೆ!"

ನಾನು ಆರತಿಯ ತಟ್ಟೆಯನ್ನು ಚಿನ್ನಳ ಕೈಗೆ ಕೊಟ್ಟು, ಆ ಕೈಗಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಬಾಗಿಲವರೆಗೆ ನಡೆಸಿದೆ.

"ಹೊಸ್ತಿಲು ಐತೆ, ಕಾಲೆತ್ತು," ಎಂದೆ.

ಹುಟ್ಟಿದಾಗಿನಿಂದ ಓಡಾಡಿದ ಹೊಸ್ತಿಲು. ಅವಳ ಕೈ ನನ್ನ ಕೈಯೊಳಗೆ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಕಾಲೆತ್ತಿದಳು. ಗುಡಿ ಮುಟ್ಟುವವರೆಗೂ ಗೋಣಿಯ ಮಾತು ಮತ್ತೆ ಎತ್ತಲಿಲ್ಲ.