ರನ್‌ವೇಯ ಪಡುವಣ ತುದಿ

ಹಳೆಯ ವಿಮಾನ ನಿಲ್ದಾಣದ ಬಗ್ಗೆ ಅತ್ತೆಯನ್ನು ಏನು ಬೇಕಾದರೂ ಕೇಳಬಹುದಿತ್ತು. ಕಾಯುವ ಕೋಣೆಯ ಬೆಂಚುಗಳಿಗೆ ಯಾವ ಬಣ್ಣ ಹೊಡೆದಿದ್ದರು, ಟಿಕೆಟ್ ಕೌಂಟರಿನ ಗಾಜಿನಲ್ಲಿ ಕೈ ತೂರಿಸುವ ಕಂಡಿ ಎಷ್ಟು ದೊಡ್ಡದಿತ್ತು, ಕಂಟ್ರೋಲ್ ಟವರಿಗೆ ಹತ್ತುವ ಮೆಟ್ಟಿಲು ಎಷ್ಟು, ಎಲ್ಲಕ್ಕೂ ನಾಲಿಗೆಯ ತುದಿಯಲ್ಲೇ ಉತ್ತರ. ಎಪ್ಪತ್ತೊಂದು ಮೆಟ್ಟಿಲು. ನಲವತ್ತನೆಯದು ಒಂದು ಬೆರಳು ಗಿಡ್ಡ. ಹೊಸಬರೆಲ್ಲ ಎಡವುತ್ತಿದ್ದದ್ದು ಅಲ್ಲೇ. ಗುಬ್ಬಿ ಅದನ್ನೂ ಬರೆದುಕೊಂಡಳು.

ಗುಬ್ಬಿ ಅಂದರೆ ಅತ್ತೆಯ ತಮ್ಮನ ಮಗಳು. ಮೂವತ್ತಮೂರು ತುಂಬಿದ್ದರೂ ಮನೆಯಲ್ಲಿ ಅವಳು ಗುಬ್ಬಿಯೇ. ಹಗಲು ನೀರು ಸರಬರಾಜು ಕಚೇರಿಯಲ್ಲಿ ಕೂತು ನೆಲದಡಿಯ ಕೊಳವೆಗಳ ನಕ್ಷೆ ಬರೆಯುತ್ತಿದ್ದಳು. ಸಂಜೆ ಮತ್ತು ರಜಾದಿನಗಳಲ್ಲಿ, ಈಗ ಇಲ್ಲದಿರುವ ಆ ನಿಲ್ದಾಣವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದಳು. ಮನೆಯಲ್ಲೇ ಕೂತು ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ ಇಡೀ ಭೂಮಿಯೇ ಇದೆ, ಆದರೆ ಅದು ಇವತ್ತಿನ ಭೂಮಿ. ನಿಲ್ದಾಣವಿದ್ದ ಜಾಗದಲ್ಲಿ ಅದು ತೋರಿಸುವುದು ಗೋದಾಮುಗಳನ್ನು ಮತ್ತು ಒಂದೇ ಅಚ್ಚಿನ ವಸತಿ ಕಟ್ಟಡಗಳನ್ನು. ಅವನ್ನು ಒರೆಸಿ, ಅದೇ ನೆಲದ ಮೇಲೆ ಹಳೆಯ ರನ್‌ವೇ, ಟವರು, ಶೆಡ್ಡುಗಳನ್ನು ಮತ್ತೆ ನಿಲ್ಲಿಸುವುದು ಅವಳ ಕೆಲಸ. ಮುಗಿದ ಮೇಲೆ ಬೇಕಾದವರು ತಮ್ಮ ಸಿಮ್ಯುಲೇಟರಿಗೆ ಸೇರಿಸಿಕೊಂಡು ಅಲ್ಲಿ ವಿಮಾನ ಇಳಿಸಬಹುದು.

ಅಪ್ಪನಿಗೆ ಇದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಇರುವ ಮನೆಯ ನಲ್ಲಿ ಸೋರುತ್ತಿದೆ, ಇವಳು ಇಲ್ಲದ ನಿಲ್ದಾಣದ ನಲ್ಲಿಗೆ ಬಣ್ಣ ಹೊಡೆಯುತ್ತಿದ್ದಾಳೆ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಆದರೂ ಗುಬ್ಬಿ ಕೇಳಿದಾಗ ಅಟ್ಟದಿಂದ ಹಳೆಯ ಫೋಟೋಗಳ ಪೆಟ್ಟಿಗೆ ಇಳಿಸಿಕೊಟ್ಟವನು ಅವನೇ.

ಅತ್ತೆ ಆ ಟವರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವರು. ವಿಮಾನಗಳಿಗೆ ಇಳಿಯಲು ಅನುಮತಿ ಕೊಡುವ ಕೆಲಸ. ಅಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಒಂಬತ್ತನೆಯ ವರ್ಷದ ಒಂದು ಮಧ್ಯಾಹ್ನ, ಅಂಚೆ ಚೀಲ ಹೊತ್ತ ಸಣ್ಣ ವಿಮಾನವೊಂದು ಪಡುವಣ ತುದಿಯಲ್ಲಿ ಇಳಿಯಿತು. ಅದೇ ಹೊತ್ತಿಗೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರು ರನ್‌ವೇ ದಾಟುತ್ತಿತ್ತು. ರೆಕ್ಕೆ ಟ್ರ್ಯಾಕ್ಟರಿಗೆ ತಗುಲಿತು. ಪೈಲಟ್ ಉಳಿದ. ಟ್ರ್ಯಾಕ್ಟರಿನ ಚಾಲಕನೂ ಉಳಿದ, ಆದರೆ ಎಡಗಾಲು ಹೋಯಿತು.

ವಿಚಾರಣೆಯಲ್ಲಿ ಅತ್ತೆ ಹೇಳಿದ್ದು ಒಂದೇ ಮಾತು: ಟವರಿನಿಂದ ಆ ತುದಿ ನನಗೆ ಕಾಣಲಿಲ್ಲ. ನಡುವೆ ವಿಮಾನಗಳ ರಿಪೇರಿ ಶೆಡ್ಡಿತ್ತು, ಅದರ ತಗಡಿನ ಚಾವಣಿ ಅಡ್ಡ ಬರುತ್ತಿತ್ತು. ವಿಚಾರಣೆಯವರು ನಕ್ಷೆ ಹರಡಿದರು, ಟವರಿನ ಕಿಟಕಿಯಿಂದ ಚಾವಣಿಯ ಮೇಲಾಗಿ ಸ್ಕೇಲಿಟ್ಟು ಗೆರೆ ಎಳೆದರು, ಕಾಣುತ್ತಿತ್ತು ಎಂದು ಬರೆದರು. ಅತ್ತೆಯನ್ನು ಟವರಿನಿಂದ ಇಳಿಸಿ ಫಾರಂಗಳ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ.

ಮೂವತ್ತೊಂದು ವರ್ಷದಿಂದ ಅತ್ತೆಯ ಮಾತು ಬದಲಾಗಲಿಲ್ಲ. ಕಾಣ್ತಿರಲಿಲ್ಲ. ಮನೆಯವರು ನಂಬಿದರು, ಮನೆಯವರು ನಂಬುವ ರೀತಿಯಲ್ಲಿ: ತಲೆಯಾಡಿಸಿ, ಮಾತು ಬೇರೆ ಕಡೆ ತಿರುಗಿಸಿ. ಆ ತಲೆಯಾಡಿಸುವಿಕೆಯನ್ನು ಅತ್ತೆ ನೋಡುತ್ತಿದ್ದದ್ದನ್ನು ಗುಬ್ಬಿ ಚಿಕ್ಕಂದಿನಿಂದ ನೋಡಿದ್ದಳು. ನಿಲ್ದಾಣ ಕಟ್ಟಲು ಕೂತದ್ದು ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಹೇಳಬೇಕಾಗಿ ಬರಲಿಲ್ಲ. ಅತ್ತೆ ಒಂದೊಂದೇ ವಿವರ ಕೊಡುತ್ತಾ ಹೋದರು, ಟವರಿನ ಕಿಟಕಿಯೊಂದನ್ನು ಬಿಟ್ಟು. ಅದು ಮುಗಿದಾಗ ಕರಿ ಅಂದಿದ್ದರು, ಅಷ್ಟೇ.

ಅದು ಮುಗಿದು ಎರಡು ತಿಂಗಳಾಗಿತ್ತು. ಗುಬ್ಬಿ ಕರೆದಿರಲಿಲ್ಲ.

ಯಾಕೆಂದರೆ ಕಾಣುತ್ತಿತ್ತು. ಟವರಿನ ಒಳಗೆ ಕುರ್ಚಿಯಿಟ್ಟು, ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ನೋಟವನ್ನು ಹೊಂದಿಸಿ ಮೊದಲ ಸಲ ಪಡುವಣಕ್ಕೆ ತಿರುಗಿಸಿದಾಗಲೇ ಅವಳಿಗೆ ಅದು ಗೊತ್ತಾಗಿತ್ತು. ಶೆಡ್ಡಿನ ಚಾವಣಿಯ ಆಚೆ ರನ್‌ವೇಯ ಕೊನೆಯ ದೀಪದವರೆಗೂ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ಶೆಡ್ಡಿನ ಅಳತೆ ಮೂರು ಸಲ ನೋಡಿದಳು. ಟವರಿನದ್ದನ್ನು ನಾಲ್ಕು ಸಲ. ಎಲ್ಲ ಸರಿಯಾಗಿತ್ತು. ಅಲ್ಲಿಂದಾಚೆ ಅತ್ತೆ ಕೇಳಿದಾಗೆಲ್ಲ ಗಾಜಿನ ಕೆಲಸ ಬಾಕಿಯಿದೆ ಎನ್ನುತ್ತಿದ್ದಳು. ಯಾವ ಗಾಜು, ಎಷ್ಟು ದಿನ ಎಂದು ಅತ್ತೆ ಕೇಳಲಿಲ್ಲ. ಮೆಟ್ಟಿಲಿಳಿದು ಕೆಳಮಹಡಿಯ ತಮ್ಮ ಕೋಣೆಗೆ ಹೋಗುತ್ತಿದ್ದರು. ಕೆಳಗಿನಿಂದ ರೇಡಿಯೋ ಹಚ್ಚಿದ ಸದ್ದಾದರೂ ಕೇಳಲಿ ಎಂದು ಗುಬ್ಬಿ ಕಾಯುತ್ತಿದ್ದಳು. ಕೇಳುತ್ತಿರಲಿಲ್ಲ.

ಗಂಟು ಬಿಚ್ಚಿಕೊಂಡದ್ದು ಗೊಣಗಪ್ಪನಿಂದ. ಸಿಮ್ಯುಲೇಟರಿನ ಹುಚ್ಚಿದ್ದವರ ಗುಂಪಿನಲ್ಲಿ ಅವರಿಗೆ ಎಲ್ಲರೂ ಇಟ್ಟ ಹೆಸರು ಅದು. ನಿವೃತ್ತ ಪೈಲಟ್, ಯಾರು ಏನು ಕಟ್ಟಿದರೂ ಮೊದಲು ಹಾರಿಸಿ ನೋಡಿ ಗೊಣಗುವವರು. ಅವಘಡಕ್ಕೆ ಬಹಳ ಮುಂಚೆ ಆ ನಿಲ್ದಾಣದಲ್ಲೇ ನೂರಾರು ಸಲ ಇಳಿದವರು. ಗುಬ್ಬಿ ಕಳಿಸಿದ್ದನ್ನು ಹಾರಿಸಿ ನೋಡಿ ಫೋನ್ ಮಾಡಿದರು. ಬೆಂಚು, ದೀಪ, ಬಣ್ಣ ಎಲ್ಲ ಚೆನ್ನಾಗಿದೆ ಎಂದು ಎರಡು ನಿಮಿಷ ಹೊಗಳಿದರು. ಅವರ ಬಾಯಲ್ಲಿ ಹೊಗಳಿಕೆ ಬಂದರೆ ಹಿಂದೆ ಏನೋ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಎಲ್ಲ ಸರಿ ಕಣಮ್ಮ, ಆದ್ರೆ ಇದೇನು ಕೇರಂ ಬೋರ್ಡ್ ಮಾಡಿಟ್ಟಿದೀಯ? ಪಡುವಣ ಕಡೆಯಿಂದ ಇಳಿದ್ರೆ ನಮ್ಗೆ ಗುಡ್ಡ ಹತ್ತಿದ ಹಾಗಾಗ್ತಿತ್ತು. ಬ್ರೇಕೇ ಬೇಡ ಅಲ್ಲಿ."

ಗುಬ್ಬಿ ಫೋನ್ ಹಿಡಿದುಕೊಂಡೇ ತಾನು ಹಾಕಿದ ನೆಲವನ್ನು ಸ್ಕ್ರೀನಿನಲ್ಲಿ ತೆರೆದಳು. ನಿಲ್ದಾಣ ಕಟ್ಟುವವರೆಲ್ಲ ಮಾಡುವ ಮೊದಲ ಕೆಲಸ ನೆಲವನ್ನು ಮಟ್ಟ ಮಾಡುವುದು. ಸುತ್ತ ಒಂದು ಗೆರೆ ಎಳೆದು, ಒಂದು ಎತ್ತರ ಬರೆದು, ಒಳಗಿನದ್ದೆಲ್ಲ ಚಪ್ಪಟೆ. ಇಲ್ಲದಿದ್ದರೆ ಕಟ್ಟಡಗಳು ಗಾಳಿಯಲ್ಲಿ ತೇಲುತ್ತವೆ, ವಿಮಾನದ ಗಾಲಿ ಮಣ್ಣಿನಲ್ಲಿ ಹೂತುಹೋಗುತ್ತದೆ. ಎರಡು ವರ್ಷದ ಹಿಂದೆ, ಮೊದಲ ದಿನವೇ, ಯೋಚನೆ ಕೂಡ ಮಾಡದೆ ಅವಳೂ ಅದನ್ನೇ ಮಾಡಿದ್ದಳು. ಬೆಂಚಿನ ಅಲ್ಲಾಡುವ ಕಾಲನ್ನೂ ಬಿಡದೆ ಹಾಕಿದವಳು ನೆಲವನ್ನೇ ನೋಡಿರಲಿಲ್ಲ. ವಿಚಾರಣೆಯವರ ಹಾಳೆಯಲ್ಲೂ ನೆಲ ಚಪ್ಪಟೆಯಾಗಿಯೇ ಇತ್ತು.

ಮಾರನೆಯ ದಿನ ಕಚೇರಿಯ ಹಳೆಯ ಕಡತಗಳ ಕೋಣೆಗೆ ಹೋದಳು. ಕೊಳವೆ ಹಾಕುವವರಿಗೆ ನೀರು ಎತ್ತ ಹರಿಯುತ್ತದೆ ಎನ್ನುವುದೇ ಮುಖ್ಯ, ಹಾಗಾಗಿ ಊರಿನ ಪ್ರತಿ ಇಳಿಜಾರೂ ಅಲ್ಲಿ ಎಲ್ಲೋ ಒಂದು ಕಡೆ ಬರೆದಿರುತ್ತದೆ. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದ ಮೇಲೆ ನಿಲ್ದಾಣದ ಮಳೆನೀರಿನ ಚರಂಡಿಯ ನಕ್ಷೆ ಸಿಕ್ಕಿತು. ರನ್‌ವೇಯ ಉದ್ದಕ್ಕೂ ಮೂವತ್ತು ಮೀಟರಿಗೊಂದರಂತೆ ಪೆನ್ಸಿಲಿನಲ್ಲಿ ಬರೆದ ಎತ್ತರಗಳು. ಪಡುವಣ ತುದಿ ಟವರಿನ ಬುಡಕ್ಕಿಂತ ನಾಲ್ಕೂವರೆ ಮೀಟರ್ ಕೆಳಗೆ.

ಆ ಇಡೀ ವಾರ ಅವಳು ನೆಲವನ್ನು ಮತ್ತೆ ಮಾಡಿದಳು. ಚಪ್ಪಟೆ ತೆಗೆದು, ಒಂದೊಂದು ಎತ್ತರವನ್ನೂ ಕೈಯಾರೆ ಕೂರಿಸಿದಳು. ಶನಿವಾರ ಸಂಜೆ ಟವರಿನ ಕುರ್ಚಿಯಿಂದ ಪಡುವಣಕ್ಕೆ ನೋಡಿದರೆ ರನ್‌ವೇಯ ಕೊನೆಯ ಇನ್ನೂರು ಮೀಟರ್ ಇರಲಿಲ್ಲ. ಶೆಡ್ಡಿನ ಚಾವಣಿ ಅದನ್ನು ನುಂಗಿಹಾಕಿತ್ತು. ಒಂದು ಟ್ರ್ಯಾಕ್ಟರು ತಂದು ಅಲ್ಲಿ ನಿಲ್ಲಿಸಿ ನೋಡಿದಳು. ಅದೂ ಕಾಣಲಿಲ್ಲ. ಗುಬ್ಬಿ ಕುರ್ಚಿಯಿಂದೆದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದಳು. ಅಪ್ಪನನ್ನು ಕರೆದು ತೋರಿಸಬೇಕೆನಿಸಿತು. ಬೇಡ, ಮೊದಲು ಅತ್ತೆ ನೋಡಲಿ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಅತ್ತೆ ಕನ್ನಡಕ ಒರೆಸಿಕೊಂಡು ಮೇಲೆ ಬಂದು ಕೂತರು. ಗುಬ್ಬಿ ಚರಂಡಿ ನಕ್ಷೆಯ ಪ್ರತಿ ತೋರಿಸಿದಳು, ತಾನು ಮಾಡಿದ ತಪ್ಪನ್ನೂ ಎರಡು ತಿಂಗಳ ಸುಳ್ಳನ್ನೂ ಹೇಳಿದಳು, ಅದೇ ತಪ್ಪನ್ನು ಆಗ ವಿಚಾರಣೆಯವರೂ ಮಾಡಿದ್ದರು ಎಂದಳು. ಆಮೇಲೆ ನೋಟವನ್ನು ಪಡುವಣಕ್ಕೆ ತಿರುಗಿಸಿದಳು. ಸ್ಕ್ರೀನಿನ ತುಂಬ ತಗಡಿನ ಚಾವಣಿ, ಅದರ ಮೇಲೆ ಬರೀ ಆಕಾಶ.

"ನೀವು ಹೇಳಿದ್ದೇ ಸರಿ ಅತ್ತೆ. ಕಾಣಲ್ಲ."

ಅತ್ತೆ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತರು. ಮೂವತ್ತೊಂದು ವರ್ಷ ಒಂದು ಮಾತು ಹೊತ್ತವರಿಗೆ ಇಳಿಸಲು ಇಷ್ಟು ಹೊತ್ತಾದರೂ ಬೇಡವೇ ಎಂದು ಗುಬ್ಬಿ ಸಮಾಧಾನ ಮಾಡಿಕೊಂಡಳು.

ಆಮೇಲೆ ಅತ್ತೆ ಕೇಳಿದರು, "ಕಣ್ಣು ಎಷ್ಟು ಎತ್ತರದಲ್ಲಿ ಇಟ್ಟಿದೀಯ?"

"ಒಂದು ಮೀಟರ್ ಇಪ್ಪತ್ತು. ಕುರ್ಚೀಲಿ ಕೂತೋರಿಗೆ."

"ಎದ್ದು ನಿಲ್ಲಿಸು."

ಗುಬ್ಬಿಗೆ ಅರ್ಥವಾಗಲಿಲ್ಲ. ನಿಂತರೆ ಏನಾಗುತ್ತದೆ ಎಂದು ಅವಳು ನೋಡಿಯೇ ಇರಲಿಲ್ಲ. ಒಂದು ಮೀಟರ್ ಅರವತ್ತು ಎಂದು ಬರೆದು ಗುಂಡಿ ಒತ್ತಿದಳು. ನೋಟ ಒಂದು ಮೊಳದಷ್ಟು ಮೇಲೆದ್ದಿತು. ಚಾವಣಿ ಕೆಳಗೆ ಸರಿಯಿತು. ಅದರ ಅಂಚಿನಾಚೆ ರನ್‌ವೇ, ಬಿಳಿ ಪಟ್ಟೆ, ಕೊನೆಯ ದೀಪ, ಅವಳೇ ನಿಲ್ಲಿಸಿ ತೆಗೆಯಲು ಮರೆತ ಟ್ರ್ಯಾಕ್ಟರು.

ಅವಳು ಥಟ್ಟನೆ ಹಿಂದಿನ ಎತ್ತರಕ್ಕೆ ಹೋಗಲು ಕೈ ಚಾಚಿದಳು. ಅತ್ತೆ ಅವಳ ಕೈ ಹಿಡಿದರು.

"ಇರಲಿ ಬಿಡೇ."

ಆಮೇಲೆ ಹೇಳಿದರು, ನಿಧಾನವಾಗಿ, ಉಗ್ರಾಣದ ಫಾರಂ ಯಾವ ಕಪಾಟಿನಲ್ಲಿದೆ ಎಂದು ಹೇಳುವ ದನಿಯಲ್ಲಿ. ಟವರಿಗೆ ಬಂದ ಮೊದಲ ದಿನವೇ ಹಿರಿಯರೊಬ್ಬರು ಕಲಿಸಿದ್ದರಂತೆ: ಪಡುವಣದಿಂದ ಯಾವುದಾದರೂ ಬಂದರೆ ಎದ್ದು ನಿಂತು ಶೆಡ್ಡಿನ ಮೇಲಿಂದ ನೋಡು, ಆಮೇಲೆ ಬಾಯಿ ಬಿಡು. ಯಾವ ನಿಯಮದ ಪುಸ್ತಕದಲ್ಲೂ ಅದು ಇರಲಿಲ್ಲ. ಟವರಿನಲ್ಲಿ ಇದ್ದವರೆಲ್ಲ ಮಾಡುತ್ತಿದ್ದರು. ಒಂಬತ್ತು ವರ್ಷ ಅತ್ತೆಯೂ ಮಾಡಿದ್ದರು, ದಿನಕ್ಕೆ ಹತ್ತು ಹನ್ನೆರಡು ಸಲ.

"ಆವತ್ತು?" ಎಂದು ಗುಬ್ಬಿ ಕೇಳಿದಳು.

"ಆವತ್ತು ಏಳಲಿಲ್ಲ. ಹುಷಾರಿಲ್ಲ ಅಂತಲ್ಲ, ಏನೂ ಅಲ್ಲ. ಏನೋ ಬರೀತಾ ಇದ್ದೆ. ಅಲ್ಲಿ ಯಾವತ್ತೂ ಏನೂ ಇರ್ತಿರಲಿಲ್ಲ ಕಣೆ. ಕೂತಲ್ಲಿಂದಾನೇ ಇಳಿ ಅಂದೆ."

ವಿಚಾರಣೆಯಲ್ಲಿ ಕೇಳಿದ್ದು ಕಾಣುತ್ತಿತ್ತೋ ಇಲ್ಲವೋ ಎಂದು. ಕಾಣಲಿಲ್ಲ ಎಂದರು. ಕೂತಿದ್ದಿರೋ ನಿಂತಿದ್ದಿರೋ ಎಂದು ಯಾರೂ ಕೇಳಲಿಲ್ಲ. ನಕ್ಷೆಯ ಮೇಲೆ ತಪ್ಪು ಗೆರೆ ಎಳೆದು ಅವರು ಸುಳ್ಳುಗಾತಿ ಅಂದಾಗ ಅತ್ತೆಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಆ ಸಿಟ್ಟಿನ ಹಿಂದೆ, ಏಳಲಿಲ್ಲ ಎಂಬ ಇನ್ನೊಂದು ಮಾತು ಸುಖವಾಗಿ ಕೂತುಬಿಟ್ಟಿತು. ಟ್ರ್ಯಾಕ್ಟರಿನ ಚಾಲಕ ಆಮೇಲೆ ಗೇಟಿನ ಕಾವಲಿಗೆ ಬಂದ. ಎದುರಾದಾಗೆಲ್ಲ, ನಿಮಗೆ ಕಾಣದಿದ್ದರೆ ನೀವೇನು ಮಾಡಕ್ಕಾಗ್ತಿತ್ತು ಅಮ್ಮ ಎನ್ನುತ್ತಿದ್ದ. ಅತ್ತೆ ತಲೆಯಾಡಿಸುತ್ತಿದ್ದರು. ಅವನು ತೀರಿಕೊಂಡು ಆರು ವರ್ಷವಾಗಿತ್ತು.

ಕೆಳಗಿನಿಂದ ಅಪ್ಪ ಕೂಗಿದ, ನಿಮ್ಮ ವಿಮಾನ ಇಳಿದಿದ್ದರೆ ಕಾಫಿಗೆ ಬನ್ನಿ ಎಂದು.

ಗುಬ್ಬಿ ಸ್ಕ್ರೀನಿನ ಕಡೆ ತಿರುಗಿದಳು. ಟವರಿನ ನೋಟವನ್ನು ಎಲ್ಲರೂ ಕೂತ ಎತ್ತರಕ್ಕೇ ಇಡುತ್ತಾರೆ, ಅದೇ ವಾಡಿಕೆ, ಹಾಗೇ ಬಿಟ್ಟರೆ ತಪ್ಪೇನಿಲ್ಲ ಎಂದಳು. ಅದು ಸುಳ್ಳಾಗಿರಲಿಲ್ಲ. ಎಂಥ ನಿಜ ಅದು ಎಂದು ಅವಳಿಗೀಗ ಗೊತ್ತಿತ್ತು. ಮಾತು ಅರ್ಧಕ್ಕೇ ಸಣ್ಣದಾಯಿತು.

"ಇದರ ಜೊತೆ ಏನಾದ್ರೂ ಬರೆದು ಕೊಡ್ತೀಯಾ? ಹೇಗೆ ಹಾಕ್ಕೋಬೇಕು, ಏನು ಮಾಡ್ಬೇಕು ಅಂತ?"

"ಒಂದು ಪುಟ ಕೊಡ್ತೀನಿ."

"ತೆಗಿ ಅದನ್ನ."

ಗುಬ್ಬಿ ಪುಟ ತೆರೆದಳು. ಅತ್ತೆ ಕುರ್ಚಿಯನ್ನು ಮುಂದೆಳೆದುಕೊಂಡು, ಹಿಂದೆ ರೇಡಿಯೋದಲ್ಲಿ ವಿಮಾನಗಳಿಗೆ ಹೇಳುತ್ತಿದ್ದಂತೆ ಪದಪದವಾಗಿ ಹೇಳಿದರು, ಗುಬ್ಬಿ ಬರೆದುಕೊಂಡಳು. ಕೂತರೆ ಪಡುವಣ ತುದಿ ಕಾಣುವುದಿಲ್ಲ. ಅಲ್ಲಿ ವಿಮಾನ ಇಳಿಯುವಾಗ ಟವರಿನಲ್ಲಿರುವವರು ಎದ್ದು ನಿಂತು ನೋಡಬೇಕು. ಒಮ್ಮೆ ನಿಲ್ಲದೆ ಇದ್ದದ್ದರಿಂದ ಇಲ್ಲಿ ಒಬ್ಬರ ಕಾಲು ಹೋಗಿದೆ.

ಬರೆದದ್ದನ್ನು ಒಂದು ಸಲ ಓದಿಸಿಕೊಂಡರು. ಕೆಳಗೆ ನನ್ನ ಹೆಸರು ಹಾಕು ಎಂದರು. ಗುಬ್ಬಿ ಹಾಕಿದಳು.

"ಇದನ್ನ ಅಪ್ಪನಿಗೆ ನಾನು ಹೇಳಲಾ?" ಎಂದು ಕೇಳಿದಳು.

"ಬೇಡ, ನಾನೇ ಹೇಳ್ತೀನಿ," ಎಂದು ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದರು, ಮೆಟ್ಟಿಲಿನ ಕಡೆ ನಡೆದರು.