ಮಾಯದ ಕಾಮಣಿ

ಗುರುಶಿದ್ದಪ್ಪ ಹುಬ್ಬಳ್ಳಿ ಪೇಟೆಯಲ್ಲಿ ಉಳ್ಳಾಗಡ್ಡಿ ಹರಾಜಿನ ಸವಾಲು ಕೂಗುತ್ತಿದ್ದ. ಅವನ ದನಿ ದುರ್ಗದಬೈಲ್ ದಾಟಿ ಕೇಳುತ್ತಿತ್ತು. ದನಿಯೇ ಅನ್ನವೆಂದು ಎಲೆ-ಅಡಿಕೆ, ತಂಬಾಕು ಯಾವುದನ್ನೂ ಬಾಯಿಗೆ ಹಾಕಿದವನಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಓಣಿಗೆಲ್ಲ ಜ್ವರ ಬಂದಾಗ ಕಂಪೌಂಡರನೊಬ್ಬ ಮನೆಮನೆಗೆ ಬಂದು ಒಂದೇ ಸೂಜಿಯಿಂದ ಎಲ್ಲರಿಗೂ ಚುಚ್ಚಿಹೋದ. ಮುಂದೆ ಗುರುಶಿದ್ದಪ್ಪನಿಗೂ ಪಕ್ಕದ ಮನೆಯ ದಾವಲಬಿಗೂ ಕಾಮಣಿಯಾಗಿ ಕಣ್ಣು, ಮೈ ಹಳದಿಯಾದವು. ಇಬ್ಬರೂ ಎದ್ದರು. ಆದರೆ ಗುರುಶಿದ್ದಪ್ಪನ ಕಣ್ಣಿನ ಹಳದಿ ಪೂರ್ತಿ ಹೋಗಲಿಲ್ಲ. ದಣಿದರೆ ಮತ್ತೆ ಏರುತ್ತಿತ್ತು. ಬೆಳಗಾದರೆ ಹೆಂಡತಿ ಸಾವಂತ್ರೆವ್ವ ಮೊದಲು ಅವನ ಕಣ್ಣು ನೋಡುತ್ತಿದ್ದಳು.

ಅರವತ್ತೇಳರಲ್ಲಿ ಅವನ ನಾಲಿಗೆಯ ಬದಿಗೆ ಹುಣ್ಣಾಯಿತು, ಮಾಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕ್ಯಾನ್ಸರ್ ಎಂದರು.

"ತಂಬಾಕ ಮುಟ್ಟಿದವರಲ್ಲರಿ ಇವರು," ಎಂದಳು ಸಾವಂತ್ರೆವ್ವ. "ಮೈಯಾಗಿನ ಕಾಮಣಿನ ಬಾಯಿಗೆ ಬಂತೇನ್ರಿ, ಸಾಹೇಬ್ರ?"

ಡಾಕ್ಟರು ಗುರುಶಿದ್ದಪ್ಪನ ಕಣ್ಣರೆಪ್ಪೆ ಎಳೆದು ನೋಡಿದರು. "ಕೆಲವರ ಮೈಯಾಗ ಅದು ವರ್ಷಗಟ್ಟಲೆ ಉಳೀತೈತಿ ಅಂತಾರ, ತಾಯಿ. ಅದಕ್ಕೂ ಇದಕ್ಕೂ ಸಂಬಂಧ ಐತೋ ಇಲ್ಲೋ, ನನಗ ಖರೇನ ಗೊತ್ತಿಲ್ಲ."

ದೀಪಾವಳಿಗೆ ಮೊದಲೇ ಅವನ ದನಿ ನಿಂತಿತು. ಆಮೇಲೆ ಉಸಿರು.

ಅಂದಿನಿಂದ ರೊಟ್ಟಿ ಬಡಿಯುವಾಗ ಸಾವಂತ್ರೆವ್ವನಿಗೆ ಹಿತ್ತಿಲಿಂದ ಅವನ ಕೂಗು ಕೇಳತೊಡಗಿತು. ಮಾತಿಲ್ಲದ, ತೆರೆಯಲಾರದ ಬಾಯಿಂದ ಬರುವಂಥ ಕೂಗು. ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಅದೇ ಸೂಜಿ ತನಗೂ ಚುಚ್ಚಿತ್ತಲ್ಲ! ಬೆರಳಿಟ್ಟು ತನ್ನ ಕೆನ್ನೆಯ ಒಳಗೆ ತಡವಿ ನೋಡಿಕೊಳ್ಳುವಳು.

ಒಂದು ಮುಂಜಾನೆ ಆ ಕೂಗು ದಾವಲಬಿಯ ಗೋಡೆಯ ಕಡೆಯಿಂದ ಬಂತು. ಸಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು.

"ದಾವಲಬಿ, ಬಾಯಿ ತೆಗಿ."

"ಯಾಕ ಸಾವಂತ್ರಕ್ಕ, ಹುಚ್ಚ ಹಿಡದೈತೇನ?"

"ತೆಗಿ ಅಂದ್ರ ತೆಗಿ!"

ಬಿಸಿಲಿಗೆ ಅವಳ ಮುಖ ತಿರುಗಿಸಿ ನೋಡಿದರೆ ಕೆನ್ನೆಯೊಳಗೆ ಬೆಳ್ಳಗಿನ ಕಲೆ, ನಡುವೆ ಬಿರುಕು.

"ಎಲಿ ಸುಣ್ಣಕ್ಕ ಸುಟ್ಟೈತಿ ಬಿಡ," ಎಂದಳು ದಾವಲಬಿ. ಸಾವಂತ್ರೆವ್ವ ಕೇಳಲಿಲ್ಲ. ರಟ್ಟೆ ಹಿಡಿದು ಅವಳನ್ನು ಅದೇ ಡಾಕ್ಟರರ ಮುಂದೆ ಕೂಡಿಸಿದಳು. ರೋಗ ಈಗಷ್ಟೇ ಶುರುವಾಗಿತ್ತು. ಕೊಯ್ದು ತೆಗೆದರು. ದಾವಲಬಿ ಉಳಿದಳು, ನಕ್ಕರೆ ಮಾತ್ರ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು.

"ಇಕಿದು ಎಲಿ-ತಂಬಾಕಿಂದು ಇರಬೇಕು," ಎಂದರು ಡಾಕ್ಟರು. ಬಳಿಕ ದನಿ ತಗ್ಗಿಸಿ, "ಇರಬೇಕು ಅಂತೇನಿ, ಅಷ್ಟ."

ಆ ಸೂಜಿ ಚುಚ್ಚಿಸಿಕೊಂಡವರು ಓಣಿಯಲ್ಲಿ ಇನ್ನೂ ಎಷ್ಟೋ ಜನರಿದ್ದರು. ಸಾವಂತ್ರೆವ್ವ ಬರುವುದು ಕಂಡರೆ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಲವರು ಅಂಜುತ್ತ ಹೊಸ್ತಿಲಿಗೆ ಬಂದು, ಬೆಳಕಿಗೆ ಬಾಯಿ ತೆರೆದು ನಿಲ್ಲುತ್ತಿದ್ದರು.