ಮಿಲ್ಲಿನಿಂದ ಬಂದ ಮಂಡಕ್ಕಿ

ದಾವಣಗೆರೆಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿಯೂ ಹೋಟೆಲಿನ ಒಂದೇ ಒಂದು ಬೆಣ್ಣೆದೋಸೆ ತಿನ್ನದ ಹೆಂಗಸು ಯಾರಾದರೂ ಇದ್ದರೆ ಅದು ಎಂ.ಸಿ.ಸಿ. ಬಿ ಬ್ಲಾಕಿನ ಸರ್ವಮಂಗಳಮ್ಮ. ಬೇರೆಯವರ ಒಲೆಯ ಮೇಲೆ ಬೆಂದದ್ದನ್ನು ಅವಳು ಮುಟ್ಟುವುದಿಲ್ಲ. ಹಣ್ಣು ಆಗಬಹುದು, ಎಳನೀರು ಆಗಬಹುದು, ಕೊಬ್ಬರಿ ಆಗಬಹುದು; ಬೆಂಕಿ ಕಂಡದ್ದು ಮಾತ್ರ ಆಗದು. ಕೊಕ್ಕನೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹಾಕಿದ ಕಟ್ಟಳೆ ಅದು. ಅತ್ತೆ ಶಿವನ ಪಾದ ಸೇರಿ ಎಷ್ಟೋ ಕಾಲವಾಗಿತ್ತು, ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿ ಮನೆಯಲ್ಲೇ ಉಳಿದಿತ್ತು. ಗಂಡ ಕರಿಬಸವರಾಜ ತನ್ನ ಪಾತ್ರೆ ಅಂಗಡಿಯ ಬಾಗಿಲು ಹಾಕಿದವನೇ ದಾರಿಯಲ್ಲಿ ದೋಸೆ ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದ. ಮಗ ಮಹಾಂತೇಶ ಎಲ್ಲೆಲ್ಲಿ ಏನೇನು ತಿನ್ನುತ್ತಿದ್ದನೋ ಆ ಶಿವನೇ ಬಲ್ಲ. ನಾಲಿಗೆ ಗಂಡಸರದ್ದು, ನೇಮ ಹೆಂಗಸರದ್ದು. ಯಾವ ಮನೆಯಲ್ಲಿ ಹೀಗಿಲ್ಲ ಹೇಳಿ.

ಇಂಥ ಸರ್ವಮಂಗಳಮ್ಮನಿಗೆ ಇದ್ದ ಒಂದೇ ಚಪಲ ಮಂಡಕ್ಕಿ. ಸಂಜೆಯಾದರೆ ಸಾಕು, ಒಗ್ಗರಣೆ ಹಾಕಿ, ಪುಟಾಣಿ ಪುಡಿ ಉದುರಿಸಿ, ತಾನೇ ಕರಿದ ಮಿರ್ಚಿಯೊಂದಿಗೆ ಒಂದು ತಟ್ಟೆ ಮುಗಿಸದೆ ಅವಳು ದೇವರ ದೀಪ ಹಚ್ಚಿದವಳಲ್ಲ. ಮಂಡಕ್ಕಿ ಅಂಗಡಿಯಿಂದ ಬರುತ್ತದಲ್ಲ, ಅದು ಹೇಗೆ ನಡೆಯುತ್ತದೆ ಎಂದು ಕೇಳಿದರೆ ಅವಳ ಬಳಿ ಉತ್ತರವಿತ್ತು. ಅದು ಬೆಂದದ್ದಲ್ಲ. ಚಿಕ್ಕವಳಿದ್ದಾಗ ಕೊಕ್ಕನೂರಿನ ತವರುಮನೆಯ ಬತ್ತ ಗಾಡಿಯಲ್ಲಿ ಮಿಲ್ಲಿಗೆ ಹೋಗುತ್ತಿತ್ತು. ಗಾಡಿ ವಾಪಸ್ಸು ಬಂದಾಗ ಅಕ್ಕಿ, ನುಚ್ಚು, ತೌಡಿನ ಚೀಲಗಳ ಜೊತೆ ಅಪ್ಪ ಒಂದು ದೊಡ್ಡ ಚೀಲ ಮಂಡಕ್ಕಿಯನ್ನೂ ಇಳಿಸುತ್ತಿದ್ದ. ಮಿಲ್ಲಿನ ಯಂತ್ರದ ಒಂದು ಬಾಯಲ್ಲಿ ಅಕ್ಕಿ ಬೀಳುತ್ತದೆ, ಒಂದು ಬಾಯಲ್ಲಿ ನುಚ್ಚು ಬೀಳುತ್ತದೆ, ಇನ್ನೊಂದು ಬಾಯಲ್ಲಿ ಮಂಡಕ್ಕಿ ಬೀಳುತ್ತದೆ ಎಂದು ಆ ಹುಡುಗಿ ತಿಳಿದುಕೊಂಡಳು. ಹೆಣ್ಣುಮಕ್ಕಳನ್ನು ಮಿಲ್ಲಿನ ಒಳಗೆ ಯಾರೂ ಬಿಡಲಿಲ್ಲ. ಕೇಳಿ ತಿಳಿದುಕೊಳ್ಳುವಷ್ಟು ದೊಡ್ಡ ಸಂಗತಿ ಎಂದು ಅವಳಿಗೂ ಅನಿಸಲಿಲ್ಲ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗುವುದು ಕಷ್ಟವಾಗಬಹುದು.

ಅವಳ ಗೆಳತಿ ಖತೀಜಾಬೀ. ಮೊದಲು ಇದೇ ಬಡಾವಣೆಯ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮಗ ಇಮ್ರಾನನಿಗೆ ಹರಿಹರದಲ್ಲಿ ಕೆಲಸ ಸಿಕ್ಕ ಮೇಲೆ ಹೊಲಿಗೆ ಮಿಷನ್ನಿನ ಸಮೇತ ಅಲ್ಲಿಗೆ ಹೋದಳು. ಹೋದರೇನು, ಖತೀಜಾ ಹೊಲಿದ ರವಿಕೆ ಬಿಟ್ಟು ಬೇರೆ ರವಿಕೆ ಸರ್ವಮಂಗಳಮ್ಮನ ತೋಳಿಗೆ ಕೂರುತ್ತಿರಲಿಲ್ಲ. ರವಿಕೆ ಒಂದು ನೆಪ. ಬಸ್ಸು ಹತ್ತಿ ಹರಿಹರಕ್ಕೆ ಹೋದರೆ ಇಬ್ಬರೂ ಮಧ್ಯಾಹ್ನವೆಲ್ಲ ಸೊಸೆಯಂದಿರ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಸತ್ತವರ ಬಗ್ಗೆ ಮಾತಾಡುತ್ತಿದ್ದರು. ಖತೀಜಾಬೀ ತಟ್ಟೆಯಲ್ಲಿ ಬಾಳೆಹಣ್ಣು, ಶೇಂಗಾ ಬೆರೆಸಿದ ಮಂಡಕ್ಕಿ ತಂದಿಡುತ್ತಿದ್ದಳು. ಸರ್ವಮಂಗಳಮ್ಮ ಅಷ್ಟನ್ನೇ ತಿಂದು, ಮನೆಯಿಂದ ತಂದ ಬಾಟಲಿಯ ನೀರು ಕುಡಿಯುತ್ತಿದ್ದಳು. ಖತೀಜಾಬೀ ಮಾತ್ರ ಎಂ.ಸಿ.ಸಿ.ಗೆ ಬಂದರೆ ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲ ಬಡಿಸಿಕೊಂಡು ಉಂಡು ಹೋಗುತ್ತಿದ್ದಳು. ಈ ಲೆಕ್ಕ ಸರಿಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಆ ಸೋಮವಾರ ಖತೀಜಾಬೀ ಬಾಯಿ ಬಿಟ್ಟಳು. ಎಂ.ಸಿ.ಸಿ.ಗೆ ಬಂದು, ತನ್ನ ಮೊಮ್ಮಗಳು ಇರಮ್‌ಳ ಮದುವೆಯ ಕಾರ್ಡು ಕೊಟ್ಟು, ಬಡಿಸಿದ್ದನ್ನು ಉಂಡು, ಕೈ ತೊಳೆದು ಬಂದು ಕೂತಳು.

"ಮಂಗಳಕ್ಕ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಹೇಳು."

"ನನ್ನ ಮಗಳ ಮದುವಿಗೆ ನಿಮ್ಮ ಸಲುವಾಗಿ ನಿಮ್ಮೋರನ್ನೇ ಕರೆಸಿ ಬ್ಯಾರೆ ಅಡಿಗೆ ಮಾಡ್ಸಿದ್ದೆ. ನೀವು ಒಂದು ಬಾಳೆಹಣ್ಣು ತಿಂದು ಎದ್ದು ಹೋದ್ರಿ. ಬೀಗರು ಕೇಳಿದ್ರು, ನಿಮ್ಮ ಗೆಳತಿ ಯಾಕ ಉಣ್ಲಿಲ್ಲ ಅಂತ. ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳ್ದೆ. ಇನ್ನ ನನ್ನ ಕೈಲಿ ಸುಳ್ಳು ಹೇಳಾಕ ಆಗಲ್ಲ. ಉಂಡು ಹೋಗೋದಾದ್ರೆ ಬರ್ರಿ. ಇಲ್ಲಾಂದ್ರೆ ಬರಬ್ಯಾಡ್ರಿ."

ಹೇಳಿದವಳೇ ಚೀಲ ಹೆಗಲಿಗೇರಿಸಿ ಹೊರಟುಹೋದಳು. ಯಾವಾಗಲೂ ಗೇಟಿನ ಹತ್ತಿರ ನಿಂತು ಇನ್ನಷ್ಟು ಹರಟುವವಳು ಅವತ್ತು ತಿರುಗಿಯೂ ನೋಡಲಿಲ್ಲ.

ಸರ್ವಮಂಗಳಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡವಳು ಇವತ್ತು ನನಗೇ ಬರಬೇಡ ಅನ್ನುತ್ತಾಳಲ್ಲ! ಉರಿ ಇಳಿದ ಮೇಲೆ ಭಯ ಹತ್ತಿತು. ಹೋಗದಿದ್ದರೆ ಖತೀಜಾ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ, ಅವಳ ಹಟ ಗೊತ್ತಿದ್ದದ್ದೇ. ಹೋಗಿ ಉಂಡರೆ ನಲವತ್ತು ವರ್ಷ ಕಾಯ್ದುಕೊಂಡು ಬಂದದ್ದು ಒಂದು ತುತ್ತಿಗೆ ಮಣ್ಣುಪಾಲು. ಎರಡು ದಿನ ಅವಳು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಸಂಜೆ ಸೊಸೆ ರೂಪಶ್ರೀಯ ಗೆಳತಿಯರು ಮನೆಗೆ ಬಂದರು. ಸರ್ವಮಂಗಳಮ್ಮ ಎಲ್ಲರಿಗೂ ಮಂಡಕ್ಕಿ ಕೊಟ್ಟು ತಾನೂ ತಟ್ಟೆ ಹಿಡಿದು ಕೂತಳು. ಬಂದವರಲ್ಲಿ ಒಬ್ಬಳು ಕೇಳಿದಳು, "ಅಮ್ಮಾರೆ, ನೀವು ಹೊರಗಿಂದು ಏನೂ ತಿನ್ನಲ್ವಂತೆ. ಮಂಡಕ್ಕಿ ಹೆಂಗ್ರಿ ತಿಂತೀರಿ?"

"ಇದೇನು ಬೆಂದಿದ್ದೇನವ್ವ? ಮಿಲ್ಲಿನ್ಯಾಗ ಅಕ್ಕಿ ಬಂದಂಗೆ ಇದೂ ಬರ್ತೈತೆ."

ನಗು ಹೊರಟಿತು ನೋಡಿ, ನಿಲ್ಲುವ ನಗುವಲ್ಲ ಅದು. ಮಂಡಕ್ಕಿಯ ಊರಿನಲ್ಲಿ ಕೂತು ಮಂಡಕ್ಕಿ ಹೇಗಾಗುತ್ತದೆಂದು ಗೊತ್ತಿಲ್ಲದ ಅಜ್ಜಿ! ಒಬ್ಬಳಿಗೆ ನೆತ್ತಿಗೇರಿತು. ರೂಪಶ್ರೀ ನಗಲೂ ಆರದೆ ಬಿಡಲೂ ಆರದೆ ಒಳಗೆ ಎದ್ದು ಹೋದಳು.

ಮೊಮ್ಮಗಳು ಕೃತಿಕಾ ಮಾತ್ರ ನಗಲಿಲ್ಲ. ಅಜ್ಜಿಯ ಪಕ್ಕ ಬಂದು ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದು ತೋರಿಸಿದಳು. ಹೊಗೆ ಹಿಡಿದ ಗೋಡೆಯ ದೊಡ್ಡ ಭಟ್ಟಿ. ಹಂಡೆಯಂಥ ತೊಟ್ಟಿಯಲ್ಲಿ ಕುದಿಯುವ ಬತ್ತ. ಬೆಂದ ಬತ್ತ ಒಣಗಿ, ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಬಂದು, ಉಪ್ಪುನೀರು ಕುಡಿದು, ಕಾದ ಮರಳಿಗೆ ಬಿದ್ದು ಪಟಪಟ ಅರಳುತ್ತಿತ್ತು. ಅಂದರೆ ಮಿಲ್ಲು ನಡುವೆ ಬರುವುದು ನಿಜ; ಅದಕ್ಕೂ ಮೊದಲೊಮ್ಮೆ ಬೆಂಕಿ, ಆಮೇಲೊಮ್ಮೆ ಬೆಂಕಿ. ಬನಿಯನ್ ತೊಟ್ಟ ಒಬ್ಬ ಮನುಷ್ಯ ಉದ್ದನೆಯ ಕೋಲಿನಿಂದ ಮರಳು ತಿರುವುತ್ತಿದ್ದ, ಬೆವರು ಧಾರಾಕಾರ ಇಳಿಯುತ್ತಿತ್ತು.

ಸರ್ವಮಂಗಳಮ್ಮ ಆ ಬೆವರನ್ನೇ ನೋಡುತ್ತ ಕೂತಳು. ಈ ಮನೆಗೆ ಬರುವ ಮಂಡಕ್ಕಿ ಚೀಲ ಖತೀಜಾಳ ತವರಿನದು, ಅವಳ ಅಣ್ಣ ಅಮೀರ್ ಜಾನ್ ಕಳಿಸುವಂಥದ್ದು. ಅಮೀರ್ ಜಾನ್ ಮಂಡಕ್ಕಿ ಮಾರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಬೇಯಿಸುತ್ತಾನೆ ಎಂದು ಗೊತ್ತಿರಲಿಲ್ಲ.

ಅರವತ್ತು ದಾಟಿದ ಮೇಲೆ ಇಂಥದ್ದು ಗೊತ್ತಾದರೆ ಮನುಷ್ಯ ಮೊದಲು ಮಾಡುವ ಕೆಲಸ ನಾಚಿಕೊಳ್ಳುವುದು. ಅವಳೂ ನಾಚಿಕೊಂಡಳು, ಆದರೆ ಆ ನಾಚಿಕೆ ತಟ್ಟೆಯಲ್ಲಿದ್ದ ಮಂಡಕ್ಕಿ ಮುಗಿಯುವ ತನಕವೂ ಬಾಳಲಿಲ್ಲ. ಹೌದು, ಮುಗಿಸಿದಳು. ಬಂದವರೆಲ್ಲ ನೋಡುತ್ತಿರುವಾಗಲೇ, ಒಂದು ಕಾಳೂ ಬಿಡದೆ ಬಳಿದು ತಿಂದಳು.

ಅಂಗಡಿಯಿಂದ ಬಂದ ಕರಿಬಸವರಾಜ ವಿಷಯ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಯಜಮಾನನ ಮುಖ ಹಾಕಿಕೊಂಡ.

"ಆಗಿದ್ದು ಆಗಿ ಹೋತು. ನಾಳಿಂದ ಮಂಡಕ್ಕಿ ಬಿಟ್ಟುಬಿಡು. ಹೊರಗೆ ಯಾರ ಮುಂದೂ ಹೇಳಬ್ಯಾಡ. ಗೊತ್ತಿಲ್ದಂಗೆ ತಿಂದಿದ್ದಕ್ಕೆ ದೋಷ ಇಲ್ಲ."

"ಗೊತ್ತಾಗಿ ತಿಂದ್ರೆ?"

"ಗೊತ್ತಾದ ಮ್ಯಾಲೆ ದೋಷಾನೇ."

"ಹಂಗಾದ್ರೆ ದೋಷ ಮಂಡಕ್ಕ್ಯಾಗ ಇಲ್ಲ, ಗೊತ್ತಾಗೋದ್ರಾಗ ಐತೆ ಅಂತಾತು. ನಲವತ್ತು ವರ್ಷ ಅಮೀರ್ ಜಾನ್ ಬೇಯಿಸಿದ್ದು ತಿಂದೀನಿ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡೀನಿ. ಲಿಂಗಯ್ಯ ಒಂದಿನನೂ ಬ್ಯಾಡ ಅನ್ಲಿಲ್ಲ. ನೀವು ಯಾರ್ರೀ ಬ್ಯಾಡ ಅನ್ನಾಕ?"

"ನಮ್ಮವ್ವ ಇದ್ದಿದ್ರೆ..." ಎಂದು ಕರಿಬಸವರಾಜ ಶುರುಮಾಡಿದ.

"ನಿಮ್ಮವ್ವನೂ ಇದೇ ಮಂಡಕ್ಕಿ ತಿಂದೇ ಹೋದ್ಲು," ಎಂದು ಸರ್ವಮಂಗಳಮ್ಮ ಎದ್ದಳು.

ಮರುದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಹಾಗೇ ಇರಲೆಂದು ಬಿಟ್ಟು, ಅವಳು ಹರಿಹರದ ಬಸ್ಸು ಹತ್ತಿದಳು. ಮದುವೆ ಇನ್ನೂ ಮುಂದಿನ ವಾರ, ಈಗ್ಯಾಕೆ ಎಂದು ಗಂಡ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನೀರಿನ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟು ಬಂದಿದ್ದಳು. ಬಸ್ಸಿನಲ್ಲಿ ಬಾಯಿ ಒಣಗಿತು. ಒಣಗಲಿ ಎಂದುಕೊಂಡಳು.

ಖತೀಜಾಬೀ ಪಡಸಾಲೆಯಲ್ಲಿ ಮಿಷನ್ನಿನ ಮುಂದೆ ಕೂತು ಇರಮ್‌ಳ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ಬಂದವಳನ್ನು ನೋಡಿ ಅವಳ ಮುಖ ಬಿಗಿಯಿತು. "ಬರ್ರಿ, ಕೂಡ್ರಿ" ಎಂದಳು, ಅಷ್ಟೇ. ಒಳಗೆ ಹೋಗಿ ತಟ್ಟೆ ತಂದಿಟ್ಟು ಮತ್ತೆ ಮಿಷನ್ನಿಗೆ ಕೂತಳು. ಅದೇ ಬಾಳೆಹಣ್ಣು, ಅದೇ ಶೇಂಗಾ ಬೆರೆಸಿದ ಮಂಡಕ್ಕಿ.

ಸರ್ವಮಂಗಳಮ್ಮ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ಅಂಗೈಯಲ್ಲೇ ಇಟ್ಟುಕೊಂಡಳು.

"ಖತೀಜಾ, ಇದು ಬೇಯಿಸಿದ್ದು ಅಂತ ನಿನಗೆ ಗೊತ್ತಿತ್ತಾ?"

ಮಿಷನ್ನಿನ ಸದ್ದು ನಿಂತಿತು.

"ಭಟ್ಟಿ ಮನ್ಯಾಗ ಹುಟ್ಟಿದೋಳಿಗೆ ಗೊತ್ತಿರಲ್ವೇನ್ರಿ?"

"ಮತ್ತೆ ಯಾಕ ಹೇಳ್ಲಿಲ್ಲ?"

ಖತೀಜಾಬೀ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಮೊದಲ್ನೇ ಸಲ ಹೆದರಿಕೊಂಡೇ ಇಟ್ಟೆ. ನೀವು ಬೆಂದಿದ್ದು ಮುಟ್ಟಲ್ಲ ಅಂತ ಗೊತ್ತಿತ್ತು, ಮನ್ಯಾಗ ಬ್ಯಾರೆ ಏನೂ ಇರ್ಲಿಲ್ಲ. ನೀವು ತಿಂದ್ರಿ. 'ಇದು ಮಿಲ್ಲಿಂದು, ನಡೀತೈತೆ' ಅಂದ್ರಿ. ನಾನು ಸುಮ್ನಾದೆ."

"ಆಮ್ಯಾಲಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ಅದನ್ನೂ ಬಿಡ್ತಿದ್ರಿ, ಅಕ್ಕ." ಈಗ ಅವಳು ತಲೆ ಎತ್ತಿದಳು, ಕಣ್ಣು ಕೆಂಪಾಗಿದ್ದವು. "ನನ್ನ ಮನ್ಯಾಗ ನೀವು ತಿಂತಿದ್ದದ್ದು ಅದೊಂದೇ. ಮೋಸ ಅಂತೀರೇನ್ರಿ? ಅನ್ರಿ. ಮಾಡೀನಿ. ಬೇಕಾದ್ರೆ ಬೈದು ಹೋಗ್ರಿ, ಆದ್ರೆ ತಪ್ಪಾತು ಅಂತ ಮಾತ್ರ ನಾನು ಅನ್ನಾಕಿಲ್ಲ."

ಸರ್ವಮಂಗಳಮ್ಮನಿಗೆ ಬೈಯಬೇಕೆನಿಸಿತು. ಬೈಯುವುದಾದರೆ ಯಾರನ್ನು? ಒಂದು ತಟ್ಟೆ ಮಂಡಕ್ಕಿಯಲ್ಲಿ ತನ್ನ ಮರ್ಯಾದೆ ಉಳಿಸಿಕೊಂಡು ಬಂದ ಇವಳನ್ನೇ? ಬಾಯಿಗೆ ಬಾಟಲಿ ಹಿಡಿದು ಇವಳೆದುರೇ ಮನೆಯ ನೀರು ಕುಡಿಯುತ್ತಿದ್ದ ತನ್ನನ್ನೇ? ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಹೇಳತೀರದು. ಅಂಗೈಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ಅಗಿದಳು, ಅಗಿಯುತ್ತಲೇ ಅತ್ತಳು.

"ಒಲೆ ಮ್ಯಾಲೆ ಏನೈತೆ?" ಎಂದಳು ಸೆರಗಿನಿಂದ ಮೂಗು ಒರೆಸಿಕೊಂಡು.

"ಅನ್ನ, ಬ್ಯಾಳಿ ಸಾರು. ಇವತ್ತು ಬ್ಯಾರೆ ಏನೂ ಮಾಡಿಲ್ಲ."

"ಬಡಿಸು."

"ಮದುವಿ ದಿನ ಉಣ್ರಿ ಅಂದಿದ್ದೆ ನಾನು. ಅವತ್ತು ನಿಮಗೆ ಬ್ಯಾರೆ ಅಡಿಗೇರನ್ನ..."

"ಅಡಿಗೇರು ಬ್ಯಾಡ. ಮದುವಿ ದಿನ ನಿಮ್ಮೋರು ನಮ್ಮೋರು ಎಲ್ಲರ ಮುಂದೆ ಉಣ್ತೀನಿ. ಇವತ್ತು ನಿನ್ನ ಮುಂದೆ ಉಣ್ಣಬೇಕು, ನಿನ್ನ ಕೈಯಿಂದು. ಬಡಿಸ್ತೀಯೋ, ನಾನೇ ಹಾಕ್ಕೊಳ್ಳಲೋ?"

ಇಷ್ಟು ವರ್ಷ ಪಡಸಾಲೆಯಿಂದ ಮುಂದೆ ಕಾಲಿಡದವಳು ಎದ್ದು ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ನೆಲದ ಮೇಲೆ ಕೂತಳು. ಖತೀಜಾಬೀ ನೀರು ತಂದಿಟ್ಟಳು, ಬಡಿಸಿದಳು. ಸರ್ವಮಂಗಳಮ್ಮ ಅನ್ನ ಕಲಸಿ, ಕಣ್ಣು ಮುಚ್ಚಿ ಶಿವಾ ಎಂದು, ಮೊದಲ ತುತ್ತು ಇಟ್ಟಳು. ಆಕಾಶ ಕಳಚಿ ಬೀಳಲಿಲ್ಲ.

"ಉಪ್ಪು ಜಾಸ್ತಿ ಆಗೈತೆ," ಎಂದಳು.

"ಜಾಸ್ತಿ ಆಗಿಲ್ರಿ. ನಿಮ್ಮ ಸಾರಿಗೆ ಯಾವಾಗ್ಲೂ ಉಪ್ಪು ಕಮ್ಮಿ. ಇಷ್ಟು ವರ್ಷ ಉಂಡೀನಿ, ಹೇಳಿಲ್ಲ ಅಷ್ಟೆ."

ಸರ್ವಮಂಗಳಮ್ಮ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದಳು. ಮಂಡಕ್ಕಿಯ ಪೆಟ್ಟನ್ನು ಅವಳು ತಡೆದುಕೊಂಡಿದ್ದಳು, ಇದು ಬಲವಾಗಿಯೇ ಬಿತ್ತು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು, ಕರಿಬಸವರಾಜ. ಎಂಜಲು ಕೈಯಾದ್ದರಿಂದ ಎಡಗೈಯಲ್ಲಿ ಸ್ಪೀಕರ್ ಒತ್ತಿದಳು.

"ಎಲ್ಲಿದೀಯೇ? ಊಟದ ಹೊತ್ತಾತು."

"ಉಣ್ತಾ ಇದೀನಿ. ಖತೀಜಾನ ಮನ್ಯಾಗ. ಅನ್ನ ಸಾರು."

ಆ ಕಡೆ ಅಂಗಡಿಯಲ್ಲಿ ಯಾವುದೋ ಪಾತ್ರೆ ಉರುಳಿದ ಸದ್ದು. ಆಮೇಲೆ ದನಿ ತಗ್ಗಿತು. "ಮೆಲ್ಲಗೆ ಹೇಳೇ, ಗಿರಾಕಿ ಅದಾರೆ."

"ಕೇಳ್ಲಿ ಬಿಡ್ರಿ. ಬೇಕಾದ್ರೆ ಇನ್ನೊಮ್ಮೆ ಹೇಳ್ತೀನಿ. ಅದಿರ್ಲಿ, ಒಂದು ಕೇಳ್ತೀನಿ, ಸತ್ಯ ಹೇಳ್ರಿ. ನನ್ನ ಸಾರಿಗೆ ಉಪ್ಪು ಕಮ್ಮಿ ಇರ್ತೈತಾ?"

ಆ ಕಡೆ ಗಿರಾಕಿಗೆ ಯಾವುದೋ ಪಾತ್ರೆಯ ಬೆಲೆಯನ್ನು ಎರಡೆರಡು ಸಲ ಹೇಳಿದ್ದು ಕೇಳಿಸಿತು.

"ಸ್ವಲ್ಪ," ಎಂದಿತು ಕೊನೆಗೆ ಮೊಬೈಲು.

ಖತೀಜಾಬೀ ಸೆರಗು ಬಾಯಿಗೆ ಒತ್ತಿಕೊಂಡಳು. ನಲವತ್ತು ವರ್ಷ ಸಂಜೆ ಸಂಜೆ ಬೆಣ್ಣೆದೋಸೆ ತಿಂದು ಬರುತ್ತಿದ್ದವನ ಗುಟ್ಟು ಸರ್ವಮಂಗಳಮ್ಮನಿಗೆ ಆಗ ತಿಳಿಯಿತು. ಇವನು ಹೇಳದೆ ಹೊರಗೆ ಹೋಗಿ ತಿಂದ, ಇವಳು ಹೇಳದೆ ಕೂತು ಉಂಡಳು. ಎರಡೂ ಒಂದೇ ಅಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು.

ಫೋನು ಕತ್ತರಿಸದೆಯೇ ಅವಳು ತಟ್ಟೆ ಮುಂದೆ ಸರಿಸಿ, ಅಂಗಡಿಯ ಗಿರಾಕಿಗಳಿಗೂ ಕೇಳುವಷ್ಟು ಜೋರಾಗಿ ಹೇಳಿದಳು.

"ಖತೀಜಾ, ಇನ್ನೊಂದು ಸೌಟು ಹಾಕು."